ಬೆಂಗಳೂರಿನ ರೇವಾ ಮತ್ತು ಹಳೆಯ ಕರೆಂಟ್ ಕಾರಿನ ಬೆಲೆ

ಗಡಿಭಾಗದ ನಮ್ಮ ಶಿಕ್ಷಕ ಬಳಗದಲ್ಲಿ ಈಚೆಗೆ ಕರೆಂಟ್ ಕಾರಿನ ಮಾತು ಹೆಚ್ಚಾಗಿದೆ. ಹೊಸದು ಸಂಬಳಕ್ಕೆ ನಿಲುಕುವುದಿಲ್ಲ. ಸೆಕೆಂಡ್ ಹ್ಯಾಂಡ್ ಚಿಕ್ಕ ಗಾಡಿಯಾದರೆ ಹೇಗೆ? ಪೆಟ್ರೋಲಿನ ಖರ್ಚಿಲ್ಲ, ಓಟವೂ ಚುರುಕು ಎಂಬ ಆಸೆ. ಯಳವಿಯಂಥ ಊರಿನಿಂದ ತಾಲೂಕಿಗೂ ಜಿಲ್ಲೆಗೂ ಓಡಾಡುವವರಿಗೆ ಈ ಆಸೆ ಸಹಜವೇ. ಆದರೆ ಇಂಥ ಕಾರಿಗೆ ನಮ್ಮ ಬೆಂಗಳೂರಿನಲ್ಲೇ ಒಂದು ಇತಿಹಾಸವಿದೆ. ಅದನ್ನು ತಿಳಿಯದೆ ಲಕ್ಷಗಟ್ಟಲೆ ಹಣ ಕೊಡಬಾರದೆಂದು ನಮಗೆ ಅನಿಸುತ್ತದೆ.

ಮೊದಲು ಚುರುಕಿನ ಮಾತು. ಗಂಟೆಗೆ 100 ಕಿ.ಮೀ. ವೇಗ ದಾಟಿದ ಮೊದಲ ಮೋಟಾರು ಗಾಡಿ ಪೆಟ್ರೋಲಿನದಲ್ಲ, ಬ್ಯಾಟರಿಯದು. 1899ರಲ್ಲಿ ಬೆಲ್ಜಿಯಂನ ಕಮಿಲ್ ಜೆನಾಟ್ಸಿ ಅದನ್ನು ಓಡಿಸಿದ. ಆ ಗಾಡಿಯ ಹೆಸರಿಗೆ 'ಎಂದೂ ತೃಪ್ತಿಯಿಲ್ಲದವಳು' ಎಂಬ ಅರ್ಥವಂತೆ! ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಕಾರಣ ಸರಳ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಮೊದಲು ವೇಗ ಹಿಡಿಯಬೇಕು. ಆದ್ದರಿಂದ ಕರೆಂಟ್ ಕಾರಿನಲ್ಲಿ ಚುರುಕುತನ ಹೊಸ ಸೋಜಿಗವೇನಲ್ಲ. ತೊಡಕು ಇದ್ದದ್ದು ಅದು ಎಷ್ಟು ದೂರ, ಎಷ್ಟು ವರ್ಷ ಓಡುತ್ತದೆ ಎಂಬಲ್ಲಿ.

ಈಗ ಬೆಂಗಳೂರಿಗೆ ಬರೋಣ. ಬೆಂಗಳೂರಿನ ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1990ರಲ್ಲಿ, ಸೂರ್ಯನ ಬಿಸಿಲಿನಿಂದ ಓಡುವ ಸ್ಪರ್ಧೆಯ ಕಾರು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. ಅದು ಆಸ್ಟ್ರೇಲಿಯಾದ ಓಟದಲ್ಲಿ ಮೂರನೆಯದಾಗಿ ಬಂತು. ಮುಂದೆ 1994ರಲ್ಲಿ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಕೂಡಿ ರೇವಾ ಕಂಪನಿ ತೆರೆದವು. 2001ರಲ್ಲಿ ರೇವಾ ಕಾರು ರಸ್ತೆಗೆ ಇಳಿಯಿತು. ಎರಡು ಬಾಗಿಲು, ಹಿಂದೆ ತೆರೆಯುವ ಡಿಕ್ಕಿ, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ.

2004ರಿಂದ ಲಂಡನ್ನಿನಲ್ಲಿ ಇದೇ ಕಾರು 'ಜಿ-ವಿಜ್' ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿ 2003ರಲ್ಲಿ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ಸುಂಕ ಶುರುವಾಗಿತ್ತು, ಕರೆಂಟ್ ಗಾಡಿಗೆ ಮಾಫಿ ಇತ್ತು. ಕಾನೂನಿನ ಲೆಕ್ಕದಲ್ಲಿ ಅದು ಕಾರೇ ಅಲ್ಲ, ಹಗುರ ನಾಲ್ಕು ಚಕ್ರದ ವಾಹನ. ಆದ್ದರಿಂದ ಕಾರಿಗೆ ಬೇಕಾದ ಡಿಕ್ಕಿ ಪರೀಕ್ಷೆ ಅದಕ್ಕೆ ಬೇಕಿರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಸುರಕ್ಷತೆಯ ಬಗ್ಗೆ ಗಂಭೀರ ಪ್ರಶ್ನೆಗಳು ಎದ್ದವು. ಅಗ್ಗಕ್ಕೆ ಹಳೆಯ ರೇವಾ ಸಿಕ್ಕಿತೆಂದು ಹಿಗ್ಗುವವರು ಇದನ್ನು ಮರೆಯಬಾರದು. ಅದು ನಗರದ ಒಳರಸ್ತೆಗೆ ಮಾಡಿದ ಗಾಡಿ, ಹೈವೇಗೆ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಟರಿ. ಮೊದಲ ರೇವಾದಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ನಮ್ಮ ಎಂಟನೆಯ ತರಗತಿಯವರೇ ಲೆಕ್ಕ ಮಾಡಬಹುದು: 8 × 6 = 48 ವೋಲ್ಟ್. 200 ಆಂಪಿಯರ್-ಗಂಟೆಯಿಂದ ಗುಣಿಸಿದರೆ 9,600 ವಾಟ್-ಗಂಟೆ, ಅಂದರೆ ಒಂಬತ್ತೂವರೆ ಯೂನಿಟ್ಟಿನಷ್ಟು. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ರಾತ್ರಿ ಹಚ್ಚಿಟ್ಟರೆ ಬೆಳಗ್ಗೆ ತಯಾರು. ಹೊಸದಿದ್ದಾಗ ಸುಮಾರು 80 ಕಿ.ಮೀ. ಓಟ. ಆದರೆ ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ, ಖಾಲಿಯಾಗಿಯೇ ದಿನಗಟ್ಟಲೆ ಬಿಟ್ಟರೆ, ಒಳಗಿನ ಪ್ಲೇಟುಗಳ ಮೇಲೆ ಗಟ್ಟಿ ಪದರು ಕಟ್ಟುತ್ತದೆ. ಅದು ಮತ್ತೆ ಕರಗುವುದಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿ ಸಾಯುವುದೂ ಹೀಗೆಯೇ. ಬೇಸಿಗೆಯ ಶಾಖ ಆ ಸಾವನ್ನು ಇನ್ನೂ ಹತ್ತಿರ ತರುತ್ತದೆ. ಜತ್ತ ತಾಲೂಕಿನ ಬಿಸಿಲಿನ ಬಗ್ಗೆ ನಮ್ಮವರಿಗೆ ನಾವು ಹೇಳಬೇಕೆ?

ಹೀಗಾಗಿ ಒಂದು ವಿಚಿತ್ರ ನಡೆಯಿತು. ಹೊದಿಕೆಗೆ ತುಕ್ಕಿಲ್ಲ, ಮೋಟಾರು ಗಟ್ಟಿ, ಮೀಟರಿನಲ್ಲಿ ಓಡಿದ ಕಿಲೋಮೀಟರೂ ಕಡಿಮೆ. ಬ್ಯಾಟರಿ ಮಾತ್ರ ಮುಗಿದಿದೆ. ಪೆಟ್ರೋಲ್ ಗಾಡಿಯಲ್ಲಿ ಕಡಿಮೆ ಓಡಿದ್ದು ಒಳ್ಳೆಯ ಗುರುತು. ಇಲ್ಲಿ ಅದು ವರ್ಷಗಟ್ಟಲೆ ಚಾರ್ಜ್ ಇಲ್ಲದೆ ಮೂಲೆಯಲ್ಲಿ ನಿಂತದ್ದರ ಗುರುತೂ ಆಗಬಹುದು.

2009ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಬಂತು. ಅದೇ ವರ್ಷ ಜರ್ಮನಿಯ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಂಪನಿ ಎರಡು ಹೊಸ ಮಾದರಿ ತೋರಿಸಿತು. ಅವುಗಳಲ್ಲಿ ದಿಲೀಪ್ ಛಾಬ್ರಿಯಾ ರೂಪಿಸಿದ ಎರಡು ಸೀಟಿನ ಎನ್‌ಎಕ್ಸ್‌ಜಿ ನಿಜವಾದ ಸ್ಪೋರ್ಟ್ಸ್ ಕಾರಿನ ಠೀವಿಯದು. ಪಾಪ, ಅದು ಮಾರುಕಟ್ಟೆಗೆ ಬರಲೇ ಇಲ್ಲ. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಹೆಚ್ಚಿನ ಪಾಲು ಕೊಂಡಿತು. 2013ರಲ್ಲಿ ಇ-ಟು-ಓ ಕಾರು ಬಂತು. ಅದರಲ್ಲಿ ಹೆಚ್ಚು ಜೋರಿಗೆ 'ಬೂಸ್ಟ್' ಎಂಬ ಗೇರಿನ ಸ್ಥಾನವಿತ್ತು. ಆದರೂ ಗರಿಷ್ಠ ವೇಗ ಗಂಟೆಗೆ 80ರ ಆಸುಪಾಸು. 2014ರಲ್ಲಿ ಕಂಪನಿಯೇ ಕಾರಿನ ಬೆಲೆ ಇಳಿಸಿ ಬ್ಯಾಟರಿಗೆ ತಿಂಗಳ ಶುಲ್ಕ ಬೇರೆ ಇಟ್ಟಿತು. ಕಾರು ಒಂದು, ಬ್ಯಾಟರಿ ಇನ್ನೊಂದು ಎಂಬ ಮಾತನ್ನು ಮಾರುವವರೇ ಒಪ್ಪಿದಂತಾಯಿತು. 2016ರಲ್ಲಿ ನಾಲ್ಕು ಬಾಗಿಲಿನ ಪ್ಲಸ್ ಮಾದರಿ ಬಂತು, 2019ರಲ್ಲಿ ಅದೂ ನಿಂತಿತು. ನಿಂತುಹೋದ ಮಾದರಿಗೆ ಬಿಡಿಭಾಗ ಹುಡುಕುವುದು ಬೆಂಗಳೂರಿನಲ್ಲೇ ಪೇಚು, ಜತ್ತದಲ್ಲಿ ಕೇಳುವುದೇ ಬೇಡ.

2022ರಲ್ಲಿ ಬಂದ ಟಾಟಾ ಟಿಯಾಗೊ ಇವಿ ಬೇರೆ ಕಾಲದ್ದು. ಅದರಲ್ಲಿ ಸ್ಪೋರ್ಟ್ ಎಂಬ ಆಯ್ಕೆಯೇ ಇದೆ. ದೊಡ್ಡ ಬ್ಯಾಟರಿ 24 ಯೂನಿಟ್ಟಿನದು, ರೇವಾದ ಎರಡೂವರೆ ಪಟ್ಟು. ಬಿಡುಗಡೆಯಾದಾಗ ಕಂಪನಿ ಹೇಳಿದ್ದು 315 ಕಿ.ಮೀ. ಅದು ಪರೀಕ್ಷೆಯ ಅಂಕಿ, ರಸ್ತೆಯಲ್ಲಿ ಅಷ್ಟು ಸಿಗದು. ಜತ್ತದಿಂದ ಸಾಂಗಲಿಗೆ ಹೋಗಿ ಬಂದರೆ 150 ಕಿ.ಮೀ. ಮೀರುತ್ತದೆ. ಆದ್ದರಿಂದ ಕೊಳ್ಳುವವರು ಪೂರ್ತಿ ಚಾರ್ಜ್ ಮಾಡಿಸಿ, ಎಸಿ ಹಾಕಿ, ನಾಲ್ಕು ಜನ ಕೂತು ಐವತ್ತು ಕಿ.ಮೀ. ಓಡಿಸಿ ನೋಡಬೇಕು. ಶೇಕಡಾ ಎಷ್ಟು ಇಳಿಯಿತೆಂದು ಬರೆದುಕೊಂಡರೆ ಉಳಿದದ್ದು ತ್ರೈರಾಶಿ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿ ತಪಾಸಣೆ ಮಾಡಿಸಿ ವರದಿ ಕೇಳಬೇಕು. ಮಾರುವವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಬಂದುಬಿಡಬೇಕು. ಬ್ಯಾಟರಿಯ ಖಾತ್ರಿ ಎರಡನೆಯ ಮಾಲೀಕರಿಗೂ ಸಲ್ಲುತ್ತದೆಯೇ ಎಂಬುದನ್ನು ಏಜೆಂಟರ ಬಾಯಿಮಾತಿನಲ್ಲಿ ಕೇಳಬಾರದು, ಖಾತ್ರಿ ಪತ್ರದಲ್ಲೇ ಓದಬೇಕು.

ಇನ್ನು ಗಡಿಯವರಾದ ನಮಗೆ ಒಂದು ಹೆಚ್ಚಿನ ಕೆಲಸವಿದೆ. ವಿಜಯಪುರದಲ್ಲೋ ಬೆಂಗಳೂರಿನಲ್ಲೋ ಕೊಂಡರೆ ಮೊದಲು ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ 1988ರ ಮೋಟಾರು ವಾಹನ ಕಾಯ್ದೆಯಂತೆ ಇಲ್ಲಿನ ನೋಂದಣಿ ಆಗಲೇಬೇಕು. ನಮಗೆ ಅದು ಸಾಂಗಲಿಯ ಎಂಎಚ್-10. ಪೂರ್ತಿ ಹಣ ಕೈಬದಲಾಗುವ ಮೊದಲೇ ಆ ಪತ್ರ ನಮ್ಮ ಕೈಯಲ್ಲಿರಲಿ.