ಮಕ್ಕಳ ಓದಿಗೆ ಶಾಲೆಯ ಬಹುಮಾನ: ಹೆತ್ತವರು ತಿಳಿಯಬೇಕಾದ ವಿಷಯಗಳು

ಪಠ್ಯಪುಸ್ತಕದ ಹೊರಗೆ ಕಥೆಪುಸ್ತಕ ಓದುವ ಮಕ್ಕಳಿಗೆ ನಕ್ಷತ್ರ, ಪ್ರಮಾಣಪತ್ರ, ಪೆನ್ನು ಅಥವಾ ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಪದ್ಧತಿ ಹಲವು ಶಾಲೆಗಳಲ್ಲಿದೆ. ಮಗು ಒಂದು ಕಾರ್ಡನ್ನು ಮನೆಗೆ ತರುತ್ತದೆ, ಓದಿದ ಪುಸ್ತಕದ ಹೆಸರು ಬರೆಯುತ್ತದೆ, ಹೆತ್ತವರು ಸಹಿ ಹಾಕಬೇಕು. "ಪಾಠ ಬಿಟ್ಟು ಕಥೆ ಓದಿದರೆ ಮಾರ್ಕು ಬರುತ್ತದೆಯೇ?" ಎಂದು ಕೆಲವರು ಕೇಳುತ್ತಾರೆ. ಇನ್ನು ಕೆಲವರು ಪಕ್ಕದ ಮನೆಯ ಮಗುವಿನ ನಕ್ಷತ್ರಗಳನ್ನು ಎಣಿಸಿ ತಮ್ಮ ಮಗುವನ್ನು ಗದರಿಸುತ್ತಾರೆ. ಆದುದರಿಂದ ಈ ಯೋಜನೆಗಳ ಬಗ್ಗೆ ಒಂದಿಷ್ಟು ವಿವರ ನೀಡಲು ಬಯಸುತ್ತೇವೆ.

ಮಾರ್ಕಿನ ಪ್ರಶ್ನೆಗೆ ಮೊದಲು ಉತ್ತರಿಸೋಣ. ಗ್ರಾಮೀಣ ಭಾರತದ ಮಕ್ಕಳ ಓದನ್ನು ಅಳೆಯುವ 'ಅಸರ್' ಸಮೀಕ್ಷೆಯ ಪ್ರಕಾರ 2022ರಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 20.5 ಮಾತ್ರ, 2024ರಲ್ಲಿ ಅದು ಶೇಕಡಾ 27.1ಕ್ಕೆ ಏರಿತು. ಎಂದರೆ ನಾಲ್ವರಲ್ಲಿ ಮೂವರಿಗೆ ಆಗಲೂ ಕಷ್ಟವೇ. ಓದಲು ಬಾರದ ಮಗುವಿಗೆ ಗಣಿತದ ಲೆಕ್ಕವೂ ಅರ್ಥವಾಗುವುದಿಲ್ಲ, ಏಕೆಂದರೆ ಲೆಕ್ಕವೂ ವಾಕ್ಯದಲ್ಲೇ ಇರುತ್ತದೆ. ಕಥೆಪುಸ್ತಕವು ಪಾಠದ ವೈರಿಯಲ್ಲ.

ಕರಾವಳಿಯ ನಮ್ಮ ಓದುಗರಿಗೆ ಅಷ್ಟಾಗಿ ಪರಿಚಯವಿರಲಾರದ ಒಂದು ಊರನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ದಾವಣಗೆರೆ ಜಿಲ್ಲೆ, ಹರಿಹರ ತಾಲೂಕಿನ ಭಾನುವಳ್ಳಿ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ ಅದು. ನಾಟಿಯ ಕಾಲದಲ್ಲಿ ಅವ್ವ, ಅಪ್ಪ ಇಬ್ಬರೂ ಬೆಳಿಗ್ಗೆಯೇ ಗದ್ದೆಗಿಳಿಯುವ ಇಂತಹ ಊರುಗಳಲ್ಲಿ ಶಾಲೆಯ ಓದಿನ ಕಾರ್ಡು ಮನೆಗೆ ಬಂದರೆ ಪುಸ್ತಕ ಎಲ್ಲಿಂದ ಬರಬೇಕು? ಇದಕ್ಕೆ ಉತ್ತರವಾಗಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 2020ರ ನವೆಂಬರ್ 14ರ ಮಕ್ಕಳ ದಿನದಂದು 'ಓದುವ ಬೆಳಕು' ಕಾರ್ಯಕ್ರಮ ಆರಂಭಿಸಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಡುವುದು ಇದರ ತಿರುಳು. ಕೊರೋನಾದಿಂದ ಶಾಲೆ ಮುಚ್ಚಿದ್ದ ವರ್ಷ ಅದು. ಇಲ್ಲಿ ಬಹುಮಾನಕ್ಕಿಂತ ಪುಸ್ತಕ ಕೈಗೆ ಸಿಗುವುದೇ ಮುಖ್ಯವಾಯಿತು, ನಮ್ಮ ದೃಷ್ಟಿಯಲ್ಲಿ ಅದೇ ಸರಿಯಾದ ಕ್ರಮ.

ಬಹುಮಾನ ಕೊಟ್ಟರೆ ಮಗು ಹಾಳಾಗುತ್ತದೆಯೇ? ಈ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ "ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿ ಬಿಡಿಸಲು ಹಚ್ಚಿದರು. ಕೆಲವು ದಿನಗಳ ನಂತರ ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದಲ್ಲಿ ಕಳೆದರು. ಆದರೆ ಮೊದಲೇ ಹೇಳದೆ ಅನಿರೀಕ್ಷಿತವಾಗಿ ಪ್ರಮಾಣಪತ್ರ ಪಡೆದ ಮಕ್ಕಳ ಆಸಕ್ತಿ ಕುಗ್ಗಲಿಲ್ಲ. ಇನ್ನೊಂದು ಕಡೆ, ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಲ್ಲಾಸ್ ನಗರದ ಎರಡನೇ ತರಗತಿಯ ಮಕ್ಕಳಿಗೆ ಪುಸ್ತಕವೊಂದಕ್ಕೆ 2 ಡಾಲರ್ ಕೊಡಲಾಗಿತ್ತು. ಓದಿದ್ದರ ಮೇಲಿನ ಪುಟ್ಟ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಮಾತ್ರ ಹಣ. ಅಲ್ಲಿ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚಿತು. ನ್ಯೂಯಾರ್ಕಿನಲ್ಲಿ ಪರೀಕ್ಷೆಯ ಅಂಕಗಳಿಗೇ ಹಣ ಕೊಟ್ಟಾಗ ಪ್ರಯೋಜನ ಕಾಣಲಿಲ್ಲ. ಮಗುವಿನ ಕೈಯಲ್ಲಿರುವುದು ಓದುವ ಕೆಲಸ, ಅಂಕವಲ್ಲ.

ಇದರಿಂದ ಹೆತ್ತವರಿಗೆ ತಿಳಿಯುವುದೇನು? ಈಗಾಗಲೇ ಪುಸ್ತಕವನ್ನು ಪ್ರೀತಿಸುವ ಮಗುವಿಗೆ "ಹತ್ತು ಓದಿದರೆ ಚಾಕಲೇಟು" ಎಂದು ಮನೆಯಲ್ಲಿ ಮತ್ತೊಂದು ಆಸೆ ತೋರಿಸಬೇಕಾಗಿಲ್ಲ. ಪುಸ್ತಕದ ಹತ್ತಿರವೇ ಸುಳಿಯದ ಮಗುವಿಗೆ ಶಾಲೆಯ ನಕ್ಷತ್ರ ಮೊದಲ ಹೆಜ್ಜೆಗೆ ನೆರವಾಗಬಹುದು. ಸಂಖ್ಯೆಯ ಬೆನ್ನು ಹತ್ತಿದರೆ ಮಾತ್ರ ಮಗು ತೆಳ್ಳನೆಯ ಪುಸ್ತಕಗಳನ್ನೇ ಹುಡುಕುತ್ತದೆ, ಪುಟ ತಿರುವಿ ಹೆಸರು ಬರೆಯುತ್ತದೆ. ಓದದೆಯೇ ಸಹಿ ಹಾಕಿಕೊಡುವ ಹೆತ್ತವರೂ ಇದ್ದಾರೆ. ಕಾರ್ಡು ತುಂಬುತ್ತದೆ, ಮಗು ಸುಳ್ಳು ಹೇಳುವುದನ್ನು ಕಲಿಯುತ್ತದೆ. ಓದು ಮಾತ್ರ ಇದ್ದಲ್ಲೇ ಇರುತ್ತದೆ.

"ನಮಗೇ ಓದಲು ಬರುವುದಿಲ್ಲ, ನಾವೇನು ಮಾಡೋಣ?" ಎನ್ನುವ ತಾಯಂದಿರು ಭಾನುವಳ್ಳಿಯ ಸೀಮೆಯಲ್ಲೂ ಇದ್ದಾರೆ, ನಮ್ಮ ಕಡೆಯಲ್ಲೂ ಇದ್ದಾರೆ. ಅವರಿಂದ ಆಗುವ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ರಾತ್ರಿ ರೊಟ್ಟಿ ಬಡಿಯುವಾಗಲೋ ಗಂಜಿಗೆ ನೀರಿಡುವಾಗಲೋ ಮಗುವನ್ನು ಹತ್ತಿರ ಕೂರಿಸಿ ಗಟ್ಟಿಯಾಗಿ ಓದಲು ಹೇಳಿ. "ಆಮೇಲೇನಾಯಿತು?" ಎಂದು ಕೇಳಿ. ಓದಿದ ಮಗು ಉತ್ತರಿಸುತ್ತದೆ, ಓದದ ಮಗು ತಡವರಿಸುತ್ತದೆ. ಸಹಿ ಹಾಕಲು ಇಷ್ಟು ಪರೀಕ್ಷೆ ಸಾಕು. ಸಹಿಯ ಬದಲು ಹೆಬ್ಬೆಟ್ಟು ಒತ್ತಿದರೂ ಅದಕ್ಕೆ ಬೆಲೆ ಕಡಿಮೆಯಿಲ್ಲ.

ನಮಗೆ ಹೆಚ್ಚು ಚಿಂತೆ ಇರುವುದು ಇನ್ನೂ ಅಕ್ಷರ ಕೂಡಿಸುತ್ತಿರುವ ಮಗುವಿನ ಬಗ್ಗೆ. ತರಗತಿಯ ಗೋಡೆಯ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ನಕ್ಷತ್ರವಿದ್ದು ತನ್ನದು ಮಾತ್ರ ಖಾಲಿಯಿದ್ದರೆ, ಆ ಮಗು ತಿಂಗಳುಗಟ್ಟಲೆ ಅದನ್ನೇ ನೋಡುತ್ತಾ ಕೂರಬೇಕು. ಇಂತಹ ಸಂದರ್ಭದಲ್ಲಿ ಹೆತ್ತವರು ಸಂಕೋಚವಿಲ್ಲದೆ ಟೀಚರನ್ನು ಭೇಟಿಯಾಗಿ, ಪುಸ್ತಕದ ಲೆಕ್ಕದ ಬದಲು ದಿನಕ್ಕೆ ಹದಿನೈದು ನಿಮಿಷದ ಲೆಕ್ಕ ಹಾಕಬಹುದೇ, ಯಾರಾದರೂ ಓದಿ ಹೇಳಿದ ಕಥೆಯನ್ನೂ ಸೇರಿಸಬಹುದೇ ಎಂದು ಕೇಳಬೇಕು. ಮಕ್ಕಳನ್ನು ಪ್ರೀತಿಸುವ ಯಾವ ಟೀಚರೂ ಇದಕ್ಕೆ ಬೇಡವೆನ್ನಲಾರರು.

ಪುಸ್ತಕ ಸಿಗದವರಿಗೆ ಎರಡು ದಾರಿಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಯೂ ಇಟ್ಟಿದ್ದಾರೆ. ಮೊಬೈಲು ಬೇಡವೆನ್ನುವವರು ಮಗುವನ್ನು ಕರೆದುಕೊಂಡು ತಮ್ಮ ಗ್ರಾಮ ಪಂಚಾಯತ್ ಗ್ರಂಥಾಲಯಕ್ಕೆ ಹೋಗಬಹುದು; 'ಅರಿವು ಕೇಂದ್ರ' ಎಂಬ ಹೆಸರೂ ಅದಕ್ಕಿದೆ. ಪುಸ್ತಕವನ್ನು ಮಗುವೇ ಆರಿಸಲಿ.