ರೇಷ್ಮೆ ಎಳೆಗೆ ಜೋತ ಜೀವಗಳು

1922ರ ಅಕ್ಟೋಬರ್ 20. ಅಮೆರಿಕದ ಒಹಾಯೊ ರಾಜ್ಯದ ಡೇಟನ್ ನಗರದ ಮೇಲೆ ಸೇನೆಯ ಸಣ್ಣ ವಿಮಾನವೊಂದು ಹಾರುತ್ತಿತ್ತು. ಅದನ್ನು ನಡೆಸುತ್ತಿದ್ದವರು ಲೆಫ್ಟಿನೆಂಟ್ ಹೆರಾಲ್ಡ್ ಹ್ಯಾರಿಸ್. ರೆಕ್ಕೆಗಳಿಗೆ ಹೊಸದಾಗಿ ಜೋಡಿಸಿದ್ದ ಭಾಗಗಳನ್ನು ಪರೀಕ್ಷಿಸುವುದು ಅವರ ಅಂದಿನ ಕೆಲಸ. ಇದ್ದಕ್ಕಿದ್ದಂತೆ ವಿಮಾನ ಗಡಗಡ ನಡುಗಲಾರಂಭಿಸಿತು. ಕೈಯಲ್ಲಿದ್ದ ಹಿಡಿ ಅತ್ತಿತ್ತ ಹೊಡೆದಾಡಿ ತೊಡೆಗಳನ್ನು ಜಜ್ಜಿತು. ರೆಕ್ಕೆ ಕಿತ್ತುಬರತೊಡಗಿತು. ಸುಮಾರು 2,500 ಅಡಿ ಎತ್ತರದಲ್ಲಿ ಹ್ಯಾರಿಸ್ ಹೊರಕ್ಕೆ ಧುಮುಕಿದರು.

ಬೆನ್ನಿಗೆ ಪ್ಯಾರಾಚೂಟ್ ಏನೋ ಇತ್ತು. ಆದರೆ ಅದನ್ನು ಬಿಚ್ಚುವ ಉಂಗುರ ಕೈಗೆ ಸಿಗಲಿಲ್ಲ. ಬೀಳುತ್ತಲೇ ತಡಕಾಡಿ ಅವರು ಎಳೆದದ್ದು ಕಾಲಿನ ಪಟ್ಟಿಯ ಕೊಂಡಿಯನ್ನು. ಅದೂ ಒಂದು ಸಲವಲ್ಲ. ಕೊನೆಗೂ ಸರಿಯಾದ ಉಂಗುರ ಸಿಕ್ಕಾಗ ನೆಲ ಬಹಳ ದೂರವಿರಲಿಲ್ಲ. ಪ್ಯಾರಾಚೂಟ್ ಅರಳಿತು, ಹ್ಯಾರಿಸ್ ಯಾರದೋ ಮನೆಯ ಹಿತ್ತಲಿನ ದ್ರಾಕ್ಷಿ ಚಪ್ಪರದ ಮೇಲೆ ಬಂದು ಬಿದ್ದರು. ಮೈಗೆ ತರಚು ಗಾಯ, ತೊಡೆಗೆ ಬಾವು, ಅಷ್ಟೇ. ವಿಮಾನ ಮಾತ್ರ ಪುಡಿಪುಡಿಯಾಗಿತ್ತು.

ಕೈಯಿಂದ ಬಿಚ್ಚುವ ಪ್ಯಾರಾಚೂಟಿನ ನೆರವಿನಿಂದ, ಕೆಟ್ಟ ವಿಮಾನದಿಂದ ಹಾರಿ ಬದುಕಿದ ಮೊದಲ ಅಮೆರಿಕನ್ ಸೇನಾ ವಿಮಾನಿ ಹ್ಯಾರಿಸ್. ಸುಮಾರು ಮೂರು ವಾರಗಳ ನಂತರ, ನವೆಂಬರ್ 11ರಂದು, ಸಿಯಾಟಲ್‌ನಲ್ಲಿ ಫ್ರಾಂಕ್ ಟಿಂಡಾಲ್ ಎಂಬ ಇನ್ನೊಬ್ಬ ಲೆಫ್ಟಿನೆಂಟ್ ಹೀಗೆಯೇ ಬದುಕಿಕೊಂಡರು. ಹೀಗೆ ಬದುಕಿದವರದೊಂದು ಸಂಘ ಏಕಿರಬಾರದು ಎಂದು ಡೇಟನ್ನಿನ ಪತ್ರಿಕಾ ವರದಿಗಾರರಿಗೆ ಹೊಳೆಯಿತು. ಹುಟ್ಟಿಕೊಂಡದ್ದು 'ಕ್ಯಾಟರ್‌ಪಿಲ್ಲರ್ ಕ್ಲಬ್'.

ಕನ್ನಡದಲ್ಲಿ ಇದನ್ನು ಕಂಬಳಿಹುಳುವಿನ ಸಂಘ ಎಂದರೆ ಮೊದಲು ನೆನಪಾಗುವುದು ತುರಿಕೆ! ರೇಷ್ಮೆ ಹುಳುವಿನ ಸಂಘ ಎನ್ನುವುದೇ ಮೇಲು. ಆಗಿನ ಪ್ಯಾರಾಚೂಟುಗಳ ಬಟ್ಟೆಯೂ ರೇಷ್ಮೆಯದೇ, ಹಗ್ಗಗಳೂ ರೇಷ್ಮೆಯವೇ. ಮರದ ಕೊಂಬೆಯಿಂದ ತನ್ನದೇ ಎಳೆ ಬಿಟ್ಟುಕೊಂಡು ನೆಲಕ್ಕಿಳಿಯುವ ಹುಳುವಿನ ಚಿತ್ರವೂ ಆ ಹೆಸರಿನ ಹಿಂದಿತ್ತು.

ನಂಬದಿದ್ದ ಕಾಲ

ಪ್ಯಾರಾಚೂಟ್ ಅಷ್ಟು ಹೊತ್ತಿಗೆ ಹೊಸದೇನಾಗಿರಲಿಲ್ಲ. 1797ರ ಅಕ್ಟೋಬರ್ 22ರಂದೇ ಫ್ರಾನ್ಸಿನ ಆಂದ್ರೆ ಗಾರ್ನರಿನ್ ಪ್ಯಾರಿಸ್‌ನ ಉದ್ಯಾನವೊಂದರ ಮೇಲೆ ಬಲೂನಿನಿಂದ ಇಳಿದು ತೋರಿಸಿದ್ದರು. ಉಯ್ಯಾಲೆಯಂತೆ ತೂಗಾಡುತ್ತ ಇಳಿದರೂ ಪ್ರಾಣಕ್ಕೆ ಅಪಾಯವಾಗಲಿಲ್ಲ. ಆ ತೂಗಾಟವನ್ನು ತಪ್ಪಿಸಲು ಹೊರಟ ರಾಬರ್ಟ್ ಕಾಕಿಂಗ್‌ಗೆ ಅದೃಷ್ಟ ಒಲಿಯಲಿಲ್ಲ. ಕೊಡೆಯನ್ನು ತಲೆಕೆಳಗು ಮಾಡಿದಂತಿದ್ದ ಯಂತ್ರ ಕಟ್ಟಿಕೊಂಡು 1837ರ ಜುಲೈ 24ರಂದು ಲಂಡನ್ನಿನಲ್ಲಿ ಬಲೂನು ಏರಿದಾಗ ಅವರಿಗೆ 61 ವರ್ಷ. ಯಂತ್ರ ಭಾರ ತಾಳಲಾರದೆ ಮುರಿಯಿತು. ಪ್ಯಾರಾಚೂಟ್ ಚರಿತ್ರೆಯ ಮೊದಲ ಸಾವು ಎಂದು ದಾಖಲಾಗಿರುವುದು ಅವರದು. 1912ರ ಫೆಬ್ರುವರಿ 4ರಂದು ಫ್ರಾನ್ಸ್ ರೈಶೆಲ್ಟ್ ಎಂಬ ದರ್ಜಿ ತಾನೇ ಹೊಲಿದ ಪ್ಯಾರಾಚೂಟ್ ಅಂಗಿ ತೊಟ್ಟು ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ ಜಿಗಿದ. ಬೊಂಬೆ ಹಾಕಿ ನೋಡುತ್ತೇನೆಂದು ಪೊಲೀಸರಿಂದ ಅನುಮತಿ ಪಡೆದವನು ತಾನೇ ಹಾರಿಬಿಟ್ಟ. ಸಿನಿಮಾ ಕ್ಯಾಮೆರಾಗಳ ಎದುರಿಗೇ 57 ಮೀಟರ್ ಕೆಳಗೆ ಬಿದ್ದು ಸತ್ತ.

ಇಂಥ ಸುದ್ದಿಗಳನ್ನು ಓದಿದವರು ಪ್ಯಾರಾಚೂಟನ್ನು ಸರ್ಕಸ್ಸಿನವರ ಸಾಮಾನೆಂದು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೊದಲ ಮಹಾಯುದ್ಧದಲ್ಲಿ ನಡೆದದ್ದನ್ನು ಕ್ಷಮಿಸುವುದು ಕಷ್ಟ. ಬಲೂನಿನಲ್ಲಿ ಕುಳಿತು ಶತ್ರುವಿನ ಚಲನವಲನ ನೋಡುತ್ತಿದ್ದವರಿಗೆ ಪ್ಯಾರಾಚೂಟ್ ಕೊಟ್ಟ ಬ್ರಿಟಿಷ್ ಅಧಿಕಾರಿಗಳು ವಿಮಾನ ಹಾರಿಸುವವರಿಗೆ ಕೊಡಲಿಲ್ಲ. ಅದು ಭಾರ, ಜಾಗ ಸಾಲದು ಎಂಬುದು ಒಂದು ಕಾರಣ. ಪ್ಯಾರಾಚೂಟ್ ಇದ್ದರೆ ಸಣ್ಣ ತೊಂದರೆಗೂ ವಿಮಾನ ಬಿಟ್ಟು ಹಾರಿಬಿಟ್ಟಾರು ಎಂಬ ಗುಮಾನಿ ಇನ್ನೊಂದು. ಬೆಂಕಿ ಹೊತ್ತಿದ ವಿಮಾನದಲ್ಲಿ ಕುಳಿತಲ್ಲೇ ಸುಟ್ಟುಹೋದ ಹುಡುಗರು ಹಲವರು. ಜರ್ಮನರು ಮಾತ್ರ 1918ರಲ್ಲಿ ತಮ್ಮ ವಿಮಾನಿಗಳಿಗೆ ಪ್ಯಾರಾಚೂಟ್ ಕೊಡತೊಡಗಿದ್ದರು.

ಇನ್ನೊಂದು ಭಯವೂ ಇತ್ತು. ಆಕಾಶದಿಂದ ಬೀಳುವ ಮನುಷ್ಯನಿಗೆ ಪ್ರಜ್ಞೆ ಹೋಗುತ್ತದೆ, ಕೈ ಆಡುವುದಿಲ್ಲ, ಆದ್ದರಿಂದ ಅವನೇ ಪ್ಯಾರಾಚೂಟ್ ಬಿಚ್ಚಿಕೊಳ್ಳುವುದು ಆಗದ ಮಾತು ಎಂದು ತಿಳಿದವರೇ ನಂಬಿದ್ದರು. 1919ರ ಏಪ್ರಿಲ್ 28ರಂದು ಡೇಟನ್ನಿನ ಮೆಕುಕ್ ಫೀಲ್ಡ್‌ನಲ್ಲಿ ಲೆಸ್ಲಿ ಇರ್ವಿನ್ ಆ ನಂಬಿಕೆಯನ್ನು ಸುಳ್ಳಾಗಿಸಿದರು. ಸಿನಿಮಾಗಳಲ್ಲಿ, ಜಾತ್ರೆಗಳಲ್ಲಿ ಸಾಹಸ ಮಾಡಿ ಪಳಗಿದ್ದ ಆಸಾಮಿ. ವಿಮಾನದಿಂದ ಧುಮುಕಿ, ಸ್ವಲ್ಪ ದೂರ ಕಲ್ಲಿನಂತೆ ಬಿದ್ದು, ತಾವೇ ಉಂಗುರ ಎಳೆದರು. ಇಳಿಯುವಾಗ ಕಾಲಿನ ಕೀಲು ಮುರಿಯಿತು; ಸೇನೆಗೆ ಮಾತ್ರ ನಂಬಿಕೆ ಬಂತು. ಇರ್ವಿನ್ ಬಫಲೋ ನಗರದಲ್ಲೂ ಮುಂದೆ ಇಂಗ್ಲೆಂಡಿನಲ್ಲೂ ಪ್ಯಾರಾಚೂಟ್ ಕಾರ್ಖಾನೆ ತೆರೆದರು. ತನ್ನ ಪ್ಯಾರಾಚೂಟಿನಿಂದ ಜೀವ ಉಳಿದ ಪ್ರತಿಯೊಬ್ಬರಿಗೂ ಹೆಸರು ಕೊರೆದ ಚಿನ್ನದ ಪುಟ್ಟ ಹುಳುವೊಂದನ್ನು ಕೊಡುವುದಾಗಿ ಮಾತು ಕೊಟ್ಟರು. ಅಟ್ಲಾಂಟಿಕ್ ದಾಟಿ ಹೆಸರಾದ ಚಾರ್ಲ್ಸ್ ಲಿಂಡ್‌ಬರ್ಗ್ ಅದಕ್ಕೂ ಮೊದಲೇ, 1925 ಮತ್ತು 1926ರಲ್ಲಿ, ನಾಲ್ಕು ಸಲ ಹೀಗೆ ಪಾರಾಗಿದ್ದರು.

ಮೈಸೂರಿನ ನೂಲು

ಎರಡನೇ ಮಹಾಯುದ್ಧ ಬಂದಾಗ ರೇಷ್ಮೆಗೆ ಅಭಾವ ತಲೆದೋರಿತು. ಜಗತ್ತಿಗೆ ರೇಷ್ಮೆ ಒದಗಿಸುತ್ತಿದ್ದ ಜಪಾನೇ ಶತ್ರುವಾಗಿತ್ತು. ಅಮೆರಿಕನ್ನರು ನೈಲಾನಿನ ಮೊರೆಹೊಕ್ಕರು. 1942ರ ಜೂನ್‌ನಲ್ಲಿ ಅಡೆಲಿನ್ ಗ್ರೇ ಎಂಬ ತರುಣಿ ನೈಲಾನ್ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಅದು ಸೈ ಎಂದು ತೋರಿಸಿದರು. ಬ್ರಿಟಿಷರ ಕಣ್ಣು ಭಾರತದ ಮೇಲೆ ಬಿತ್ತು. ಅದುವರೆಗೆ ಅಗ್ಗದ ವಿದೇಶಿ ರೇಷ್ಮೆಯ ಪೈಪೋಟಿಯಲ್ಲಿ ಸೊರಗಿದ್ದ ಮೈಸೂರು, ಕಾಶ್ಮೀರಗಳ ರೇಷ್ಮೆಗೆ ಒಮ್ಮೆಲೇ ಬೇಡಿಕೆ ಬಂತು. ಚರಕದ ನೂಲು ಪ್ಯಾರಾಚೂಟಿಗೆ ಆಗದು. ಎಳೆ ಒಂದೇ ಸಮನಾಗಿರಬೇಕು. ಹೀಗಾಗಿ ನೂಲು ಬಿಚ್ಚುವ ಫಿಲೇಚರುಗಳು ಬೆಳೆದವು. ಚಂದ್ರಿಕೆಯ ಮೇಲೆ ಹಣ್ಣಾದ ಹುಳ ಕಟ್ಟಿದ ಗೂಡು, ಹೆಸರೂ ಗೊತ್ತಿಲ್ಲದ ದೇಶದ ಆಕಾಶದಲ್ಲಿ ಯಾರದೋ ಮಗನನ್ನು ಎತ್ತಿಹಿಡಿಯಲು ಹೋಯಿತು. ಶಾಂತಿ ಬಂದೊಡನೆ ಆ ಬೇಡಿಕೆ ಇಳಿದದ್ದು, ರೈತರು ಕಂಗಾಲಾದದ್ದು ಬೇರೆಯೇ ಕತೆ.

ಕಾನ್ಪುರದ ಪ್ಯಾರಾಚೂಟ್ ಕಾರ್ಖಾನೆ ಆರಂಭವಾದದ್ದೂ ಅದೇ ಕಾಲದಲ್ಲಿ, 1941ರಲ್ಲಿ. ಅದೇ ವರ್ಷ ದೆಹಲಿಯಲ್ಲಿ ಭಾರತೀಯ ಸೈನಿಕರಿಗೆ ಪ್ಯಾರಾಚೂಟ್ ತರಬೇತಿ ಶುರುವಾಯಿತು. ಹಾರಿದ ಮೊದಲ ಭಾರತೀಯರಲ್ಲಿ ಒಬ್ಬರು ಸೇನೆಯ ವೈದ್ಯ ಎ.ಜಿ. ರಂಗರಾಜ್. ಹತ್ತು ವರ್ಷಗಳ ನಂತರ, 1951ರ ಮಾರ್ಚ್‌ನಲ್ಲಿ, ಕೊರಿಯಾ ಯುದ್ಧದಲ್ಲಿ ಅಮೆರಿಕನ್ ಪಡೆಯ ಜತೆ ಆಕಾಶದಿಂದಿಳಿದು ಗಾಯಾಳುಗಳಿಗೆ ಶುಶ್ರೂಷೆ ಮಾಡಿದ ಭಾರತೀಯ ತಂಡ ಇವರ ನೇತೃತ್ವದ ಘಟಕದ್ದೇ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಈಗ ಬೆಂಗಳೂರಿನಲ್ಲಿದೆ. ಹಾರುವುದನ್ನು ಕಲಿಯಲು ಮಾತ್ರ ಆಗ್ರಾಕ್ಕೇ ಹೋಗಬೇಕು.

ಯುದ್ಧ ಮುಗಿಯುವ ವೇಳೆಗೆ ಇರ್ವಿನ್ ಕಂಪೆನಿಯ ಪಟ್ಟಿಯಲ್ಲಿ 34,000ಕ್ಕೂ ಹೆಚ್ಚು ಹೆಸರುಗಳಿದ್ದವು. ಜರ್ಮನಿಯ ಸೆರೆಶಿಬಿರಗಳಿಂದಲೂ ಕಾಗದಗಳು ಬರುತ್ತಿದ್ದವು. ತಿಂಗಳಿಗೆ ಇಷ್ಟೇ ಕಾಗದ ಎಂದು ಲೆಕ್ಕವಿದ್ದ ಕೈದಿಗಳು, ಮನೆಗೆ ಬರೆಯಬಹುದಾಗಿದ್ದ ಒಂದು ಕಾರ್ಡನ್ನು ಪ್ಯಾರಾಚೂಟ್ ಕಂಪೆನಿಗೆ ಬರೆಯುತ್ತಿದ್ದರು. ಪದಕದ ಆಸೆಯೂ ಇದ್ದೀತು. ಆದರೆ ಉದ್ದನೆಯ ಮೇಜುಗಳ ಮೇಲೆ ಗಂಟೆಗಟ್ಟಲೆ ನಿಂತು ಆ ರೇಷ್ಮೆಯನ್ನು ಮಡಿಸಿಟ್ಟ, ತಾವು ಎಂದೂ ಕಾಣದ ಹೆಣ್ಣುಮಕ್ಕಳಿಗೆ ಬೇರೆ ಯಾವ ವಿಳಾಸಕ್ಕೆ ಕೃತಜ್ಞತೆ ಹೇಳುವುದು?

ಸಂಘಕ್ಕೆ ಸೇರಲಾರದವರೂ ಇದ್ದರು. 1944ರ ಮಾರ್ಚ್ 24ರ ರಾತ್ರಿ ಬ್ರಿಟನ್ನಿನ ನಿಕೊಲಸ್ ಆಲ್ಕಮೇಡ್ ಇದ್ದ ಲ್ಯಾಂಕಾಸ್ಟರ್ ವಿಮಾನಕ್ಕೆ ಜರ್ಮನಿಯ ಮೇಲೆ ಬೆಂಕಿ ಹತ್ತಿತು. ಬಾಲದ ಕೊನೆಯಲ್ಲಿ ಕುಳಿತು ಬಂದೂಕು ಹಿಡಿಯುವವನ ಗೂಡು ಬಲು ಇಕ್ಕಟ್ಟು. ಪ್ಯಾರಾಚೂಟನ್ನು ಹೊರಗೆ ಇಡುತ್ತಿದ್ದರು. ಆಲ್ಕಮೇಡ್ ಬಾಗಿಲು ತೆರೆದು ನೋಡಿದರೆ ಅದೂ ಉರಿಯುತ್ತಿತ್ತು. ಸುಟ್ಟು ಸಾಯುವುದಕ್ಕಿಂತ ಬಿದ್ದು ಸಾಯುವುದೇ ವಾಸಿಯೆಂದು 18,000 ಅಡಿ ಮೇಲಿನಿಂದ ಬರಿಗೈಲಿ ಹಾರಿದರು. ಪೈನ್ ಮರಗಳ ಕೊಂಬೆಗಳೂ ಕೆಳಗಿನ ಹಿಮವೂ ತಡೆದವು. ಕಾಲು ಉಳುಕಿತ್ತು, ಅಷ್ಟೆ! ಪ್ಯಾರಾಚೂಟ್ ಎಲ್ಲಿ ಬಚ್ಚಿಟ್ಟೆ ಎಂದು ಗದರಿಸಿದ ಜರ್ಮನರು, ವಿಮಾನದ ಅವಶೇಷಗಳಲ್ಲಿ ಸುಟ್ಟ ಪ್ಯಾರಾಚೂಟ್ ಸಿಕ್ಕ ಮೇಲೆ ನಂಬಿದರು. ರೇಷ್ಮೆಯ ಎಳೆಯೇ ಇಲ್ಲದೆ ಬದುಕಿದವನಿಗೆ ಸಂಘದ ನಿಯಮದಲ್ಲಿ ಜಾಗವಿರಲಿಲ್ಲ.

ಸಾವು ಕಲಿಸಿದ ಪಾಠ

ಮೋಜಿಗೆ, ಕ್ರೀಡೆಗೆ ಹಾರುವವರಿಗೂ ಅಲ್ಲಿ ಪ್ರವೇಶವಿಲ್ಲ. ಚೆನ್ನಾಗಿ ಹಾರುತ್ತಿರುವ ವಿಮಾನದಿಂದ ತಾನಾಗಿ ಜಿಗಿದವನು ಹುಳುವಾಗಲಾರ. ಅವರ ಬಳಗವೇ ಬೇರೆ. ಅವರ ಬೆನ್ನಿನ ಚೀಲದಲ್ಲಿ ಪ್ಯಾರಾಚೂಟ್ ಒಂದಲ್ಲ, ಎರಡು. ಮುಖ್ಯವಾದದ್ದನ್ನು ಅವರೇ ಮಡಿಸಿಕೊಳ್ಳಬಹುದು. ಮೀಸಲು ಪ್ಯಾರಾಚೂಟನ್ನು, ಅಮೆರಿಕದಲ್ಲಾದರೆ, ಪರವಾನಗಿ ಪಡೆದ ಪರಿಣತನೇ ಮಡಿಸಿ, ಮೊಹರು ಹಾಕಿ, ಚೀಟಿಯಲ್ಲಿ ರುಜು ಮಾಡಬೇಕು. ಮೀಸಲಿನಿಂದ ಬದುಕಿ ಬಂದವನು ಅದನ್ನು ಮಡಿಸಿದವನಿಗೆ ಒಂದು ಬಾಟಲಿ ಮದ್ಯ ಕೊಡಿಸುವುದು ಅಲಿಖಿತ ಸಂಪ್ರದಾಯ. ಚಿನ್ನದ ಹುಳುವಿನ ವಂಶಸ್ಥ ಎನ್ನಬಹುದು!

ಅವರ ಸಲಕರಣೆಯ ಒಂದೊಂದು ಭಾಗದ ಹಿಂದೆಯೂ ಅಪಘಾತಗಳಿವೆ. ಮುಖ್ಯ ಪ್ಯಾರಾಚೂಟ್ ಸಿಕ್ಕುಹಾಕಿಕೊಂಡರೆ ಅದನ್ನು ಕಳಚಿ ಬಿಸಾಡಿ ಮೀಸಲನ್ನು ಬಿಚ್ಚಬೇಕು. ಇಲ್ಲವಾದರೆ ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಹಿಂದೆ ಎರಡೂ ಭುಜಗಳ ಮೇಲಿನ ಕೊಂಡಿಗಳನ್ನು ಬೇರೆ ಬೇರೆಯಾಗಿ ಬಿಡಿಸಬೇಕಿತ್ತು. ಗಿರಗಿರನೆ ತಿರುಗುತ್ತ ಬೀಳುವವನಿಗೆ ಅದಕ್ಕೆಲ್ಲಿ ಪುರುಸೊತ್ತು? 1970ರ ದಶಕದಲ್ಲಿ ಅಮೆರಿಕದ ಬಿಲ್ ಬೂತ್ ಮೂರು ಉಂಗುರಗಳ ಸರಳ ಉಪಾಯ ಕಂಡುಹಿಡಿದರು. ದೊಡ್ಡ ಉಂಗುರದೊಳಗೆ ನಡುವಿನದು, ಅದರೊಳಗೆ ಚಿಕ್ಕದು, ಅದನ್ನು ಹಿಡಿದಿಡಲು ಒಂದು ದಾರದ ಕುಣಿಕೆ. ಇಡೀ ಮೈಭಾರ ಕುಣಿಕೆಗೆ ಬರುವಷ್ಟರಲ್ಲಿ ತೀರ ಹಗುರವಾಗಿರುತ್ತದೆ. ಒಂದು ಹಿಡಿ ಎಳೆದರೆ ಸಾಕು, ಎರಡೂ ಭುಜ ಬಿಡುಗಡೆ.

ಎಳೆಯಲು ಪ್ರಜ್ಞೆಯೇ ಇಲ್ಲದಿದ್ದರೆ? 1987ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಹಾಗೇ ಆಯಿತು. ಶಾಲಾ ಶಿಕ್ಷಕಿಯೊಬ್ಬರು ಆಕಾಶದಲ್ಲಿ ಸಹ ಜಿಗಿತಗಾರನಿಗೆ ಡಿಕ್ಕಿ ಹೊಡೆದು ಎಚ್ಚರ ತಪ್ಪಿ ಬೀಳತೊಡಗಿದರು. ಅದನ್ನು ಕಂಡ ತರಬೇತುದಾರನೊಬ್ಬ ಕೈಕಾಲುಗಳನ್ನು ಮೈಗೆ ಅಂಟಿಸಿ, ತಲೆ ಕೆಳಗೆ ಮಾಡಿ, ಬಾಣದಂತೆ ಅವರತ್ತ ಧಾವಿಸಿದ. ಸುಮಾರು 3,500 ಅಡಿ ಎತ್ತರದಲ್ಲಿ ಅವರನ್ನು ಮುಟ್ಟಿ ಪ್ಯಾರಾಚೂಟ್ ಬಿಚ್ಚಿದ. ಇನ್ನು ಹತ್ತು ಹನ್ನೆರಡು ಸೆಕೆಂಡು ತಡವಾಗಿದ್ದರೂ ಮುಗಿದುಹೋಗುತ್ತಿತ್ತು. ಆಕೆ ಗಾಯಗೊಂಡರೂ ಉಳಿದರು.

ಎಲ್ಲರಿಗೂ ಅಂಥ ಗೆಳೆಯ ಸಿಗುವುದಿಲ್ಲ. ಈ ಕೊರತೆ ತುಂಬಲು 1991ರಲ್ಲಿ ಜರ್ಮನಿಯಿಂದ 'ಸೈಪ್ರಸ್' ಎಂಬ ಪುಟ್ಟ ಯಂತ್ರ ಬಂತು. ಗಾಳಿಯ ಒತ್ತಡ ಅಳೆದು ಎತ್ತರವನ್ನೂ ವೇಗವನ್ನೂ ಲೆಕ್ಕ ಹಾಕುತ್ತಲೇ ಇರುತ್ತದೆ. ಸುಮಾರು 750 ಅಡಿಗೆ ಬಂದರೂ ಮನುಷ್ಯ ಇನ್ನೂ ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಬೀಳುತ್ತಿದ್ದರೆ, ಮೀಸಲು ಪ್ಯಾರಾಚೂಟಿನ ಚೀಲ ಮುಚ್ಚಿರುವ ಕುಣಿಕೆಯನ್ನು ಕತ್ತರಿಸಿಬಿಡುತ್ತದೆ. ಆದರೂ ವಿಮಾನದ ಬಾಗಿಲಲ್ಲಿ ಒಬ್ಬರ ಬೆನ್ನನ್ನು ಇನ್ನೊಬ್ಬರು ತಡವಿ, ಪಿನ್ನು ಸರಿಯಿದೆಯೇ ನೋಡುವ ಹಳೆಯ ರೂಢಿ ಮಾತ್ರ ತಪ್ಪಿಲ್ಲ.

ತಾನೇ ಬಿಚ್ಚಿಕೊಳ್ಳುವ ಸಾಧನದ ಬೆಲೆ ಜೋಸೆಫ್ ಕಿಟಿಂಗರ್‌ಗೆ ಬಹಳ ಮುಂಚೆಯೇ ತಿಳಿದಿತ್ತು. ಅಮೆರಿಕದ ವಾಯುಪಡೆಯ ಈ ಅಧಿಕಾರಿ 1959ರ ನವೆಂಬರ್ 16ರಂದು 76,400 ಅಡಿ ಎತ್ತರದ ಬಲೂನಿನಿಂದ ಜಿಗಿದಾಗ, ಮೈ ತಿರುಗದಂತೆ ತಡೆಯಬೇಕಿದ್ದ ಪುಟ್ಟ ಪ್ಯಾರಾಚೂಟ್ ಅವಧಿಗೆ ಮುಂಚೆ ಬಿಚ್ಚಿ ಹಗ್ಗ ಕುತ್ತಿಗೆಗೆ ಸುತ್ತಿಕೊಂಡಿತು. ನಿಮಿಷಕ್ಕೆ 120 ಸುತ್ತು ತಿರುಗುತ್ತ ಪ್ರಜ್ಞೆ ತಪ್ಪಿದರು. ತಾನಾಗಿ ತೆರೆದ ಮೀಸಲು ಪ್ಯಾರಾಚೂಟ್ ಉಳಿಸಿತು. ನಾಲ್ಕು ವಾರ ಕಳೆಯುವ ಮುನ್ನ, ಡಿಸೆಂಬರ್ 11ರಂದು, ಮತ್ತೆ ಜಿಗಿದರು. 1960ರ ಆಗಸ್ಟ್ 16ರಂದು 102,800 ಅಡಿಯಿಂದ. ಆ ದಾಖಲೆ ಅರ್ಧ ಶತಮಾನ ಉಳಿಯಿತು.

2012ರ ಅಕ್ಟೋಬರ್ 14ರಂದು ಆಸ್ಟ್ರಿಯಾದ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದಿಂದ ಹಾರಿ ಅದನ್ನು ಮುರಿದಾಗ, ಕೆಳಗೆ ಮೈಕಿನ ಮುಂದೆ ಕುಳಿತು ಒಂದೊಂದೇ ಹೆಜ್ಜೆ ಹೇಳಿಕೊಟ್ಟವರು 84ರ ಕಿಟಿಂಗರ್. ತನ್ನ ದಾಖಲೆ ಮುರಿಯುವವನಿಗೆ ತಾನೇ ದಾರಿ ತೋರಿದರು. ಬಾಮ್‌ಗಾರ್ಟ್ನರ್ ಕೂಡ ನಡುವೆ ಗಿರಗಿರನೆ ತಿರುಗತೊಡಗಿ, ಆಮೇಲೆ ಹತೋಟಿಗೆ ಬಂದರು. 2025ರ ಜುಲೈನಲ್ಲಿ ಇಟಲಿಯಲ್ಲಿ ಪ್ಯಾರಾಗ್ಲೈಡಿಂಗ್ ಅಪಘಾತದಲ್ಲಿ ಅವರು ತೀರಿಕೊಂಡರು. ಕಿಟಿಂಗರ್ 2022ರ ಡಿಸೆಂಬರ್‌ನಲ್ಲಿ, 94ನೇ ವಯಸ್ಸಿನಲ್ಲಿ.

ರೇಷ್ಮೆ ಹುಳುವಿನ ಸಂಘದ ನಿಯಮ ಹಿಡಿದು ನೋಡಿದರೆ ಕಿಟಿಂಗರ್‌ರ 102,800 ಅಡಿ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು 1972ರ ಮೇ 11. ಅಂದು ಉತ್ತರ ವಿಯೆಟ್ನಾಮಿನಲ್ಲಿ ಅವರ ಫ್ಯಾಂಟಮ್ ವಿಮಾನವನ್ನು ಹೊಡೆದುರುಳಿಸಲಾಯಿತು. ಅವರು ಪ್ಯಾರಾಚೂಟಿನಲ್ಲಿ ಇಳಿದು, ಸೆರೆಸಿಕ್ಕು, ಹನ್ನೊಂದು ತಿಂಗಳು ಯುದ್ಧಕೈದಿಯಾಗಿದ್ದರು.