ಆಣೆ

ಹರಿಹರದ ಬಸ್ ನಿಲ್ದಾಣದ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ. ಪಕ್ಕದಲ್ಲಿ ಇಬ್ಬರ ನಡುವೆ ದುಡ್ಡಿನ ತಕರಾರು. ಚಿಕ್ಕವನು, “ಅಜ್ಜಯ್ಯನಾಣಿಗೂ ನಾನು ತಗಂಡಿಲ್ಲಣ್ಣ” ಅಂದ. ದೊಡ್ಡವನು ದನಿ ಏರಿಸಲಿಲ್ಲ. “ಹಂಗಾದ್ರೆ ಅಮಾಸಿಗೆ ಉಕ್ಕಡಗಾತ್ರಿಗೆ ಹೋಗಾಣ ನಡಿ. ಗದ್ದಿಗಿ ಮುಂದೆ ಇದೇ ಮಾತು ಹೇಳು.” ಚಿಕ್ಕವನು ಲೋಟದ ತಳ ನೋಡತೊಡಗಿದ.

ತುಂಗಭದ್ರೆಯ ದಂಡೆ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ, ಅಮಾವಾಸ್ಯೆಯ ಜನಜಾತ್ರೆ, ಹೊಳೆಸ್ನಾನ, ಗಾಳಿ ಬಿಡಿಸಿಕೊಳ್ಳಲು ಬಂದವರ ಕೂಗಾಟ. ಹೊರಗಿನವರು ಕೇಳಿಬಲ್ಲ ಉಕ್ಕಡಗಾತ್ರಿ ಇಷ್ಟು. ಸುತ್ತಲಿನ ನಮಗೆ ಅದು ಇನ್ನೊಂದೂ ಹೌದು: ಸುಳ್ಳಾಡಲು ನಾಲಗೆ ಹಿಂಜರಿಯುವ ಜಾಗ. ಅಂಗಡಿಯಲ್ಲಿ, ಮನೆಯಲ್ಲಿ, ಮಂಡಿಯಲ್ಲಿ ಸರಾಗ ಹರಿದ ಮಾತು ಅಲ್ಲಿಗೆ ಹೋದರೆ ತಡವರಿಸುತ್ತದೆ.

‘ಆಣೆ’ ಹುಟ್ಟಿದ್ದು ‘ಆಜ್ಞೆ’ಯ ತದ್ಭವವಾಗಿ. ಅರಸನ ಆಣೆ ಎಂದರೆ ಅರಸನ ಅಪ್ಪಣೆ, ಮೀರಿದವನಿಗೆ ದಂಡ. ಹೀಗೆ ಮೇಲಿನಿಂದ ಇಳಿದು ಬರುತ್ತಿದ್ದ ಪದವನ್ನು ಜನ ತಿರುಗಿಸಿ ತಮ್ಮ ತಲೆಯ ಮೇಲೆ ತಾವೇ ಹೊತ್ತುಕೊಂಡರು: ನಾನು ಸುಳ್ಳಾಡಿದ್ದರೆ ಆ ದೊಡ್ಡವನ ದಂಡ ನನಗೆ ಬೀಳಲಿ. ವಚನಕಾರರಂತೂ ದೇವರ ಎದುರೇ ನಿಂತು ‘ನಿಮ್ಮಾಣೆ’ ಎನ್ನುವಷ್ಟು ಸಲಿಗೆಯವರು. ಆಮೇಲೆ ಪದ ಬೀದಿಗೆ ಬಂತು. ದೇವರಾಣೆ, ತಾಯಾಣೆ, ಅನ್ನದಾಣೆ, ಮಕ್ಕಳಾಣೆ. ಸೀರೆ ಅಂಗಡಿಯವನು “ದೇವರಾಣೆಗೂ ಅಸಲೇ ಇಷ್ಟು ಬಿದ್ದಿದೆ ಅಕ್ಕ” ಎಂದರೆ ಯಾವ ಅಕ್ಕನೂ ನಂಬುವುದಿಲ್ಲ. ಅವನೂ ನಂಬಲಿ ಎಂದು ಹೇಳಿರುವುದಿಲ್ಲ.

ನಮ್ಮದು ಕ್ರೈಸ್ತರ ಮನೆ. ಅಲ್ಲಿ ಈ ಪದಕ್ಕೆ ನಿಷೇಧವಿತ್ತು. ಶಾಲೆಯಿಂದ ಬಂದು ‘ದೇವರಾಣೆ’ ಅಂದರೆ ಅಜ್ಜಿ ಸೌಟು ಹಿಡಿದುಕೊಂಡೇ ತಿರುಗುತ್ತಿದ್ದಳು: “ಹೌದಾದ್ರೆ ಹೌದನ್ನು, ಇಲ್ಲಾಂದ್ರೆ ಇಲ್ಲನ್ನು. ದೇವ್ರನ್ನ ಯಾಕ ಎಳಿತಿ ನಡುವೆ?” ಇದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸು ಆಣೆಯನ್ನೇ ಇಡಬೇಡಿ ಎನ್ನುತ್ತಾನೆ. ಆಕಾಶದ ಮೇಲೂ ಬೇಡ, ಭೂಮಿಯ ಮೇಲೂ ಬೇಡ, ಯೆರೂಸಲೇಮಿನ ಮೇಲೂ ಬೇಡ, ಕೊನೆಗೆ ನಿನ್ನ ತಲೆಯ ಮೇಲೂ ಬೇಡ. ಒಂದು ಕೂದಲನ್ನು ಬಿಳಿ ಅಥವಾ ಕಪ್ಪು ಮಾಡುವ ಶಕ್ತಿಯೂ ನಿನಗಿಲ್ಲವಲ್ಲ. ನನಗೆ ಅಲ್ಲಿ ಕೇಳಿಸುವುದು ನಿಷೇಧಕ್ಕಿಂತ ಲೆಕ್ಕಾಚಾರ. ಆಣೆ ಇಟ್ಟ ಮಾತು ನಿಜ ಎಂದರೆ ಇಡದ ಮಾತು ಏನು? ‘ಸತ್ಯವಾಗ್ಲೂ’, ‘ನಿಜ ಹೇಳ್ಬೇಕಂದ್ರೆ’ ಎಂದು ಶುರುಮಾಡಿದ ಕೂಡಲೇ ಅಲ್ಲಿಯವರೆಗೆ ಆಡಿದ್ದೆಲ್ಲ ಅಗ್ಗವಾಗುತ್ತದೆ.

ಯೇಸುವಿನ ಶಿಷ್ಯ ಪೇತ್ರನ ಕಥೆಯಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟ. ಯೇಸುವಿನ ಬಂಧನದ ರಾತ್ರಿ, ಮಹಾಯಾಜಕನ ಅಂಗಳ. ನೀನೂ ಯೇಸುವಿನ ಜೊತೆಗಿದ್ದವನಲ್ಲವೇ ಎಂದು ಮೊದಲ ಸಲ ಕೇಳಿದಾಗ ಅವನು ಬರೀ ‘ಗೊತ್ತಿಲ್ಲ’ ಎನ್ನುತ್ತಾನೆ. ಎರಡನೆಯ ಸಲ ಆಣೆ ಇಟ್ಟು ಅಲ್ಲಗಳೆಯುತ್ತಾನೆ. ಮೂರನೆಯ ಸಲ ಶಾಪವನ್ನೂ ಸೇರಿಸುತ್ತಾನೆ. ಸುಳ್ಳು ಬೆಳೆದಷ್ಟೂ ಆಣೆ ದಪ್ಪವಾಗಿದೆ. ತಮಾಷೆಯೆಂದರೆ ಅವನನ್ನು ಹಿಡಿದುಕೊಟ್ಟದ್ದು ಅವನ ಗಲಿಲಾಯದ ಮಾತಿನ ಧಾಟಿ. ನಮ್ಮವರು ಬೆಂಗಳೂರಿನಲ್ಲಿ ‘ತಗಂಡಿಲ್ಲ’ ಅಂದ ಕೂಡಲೇ ಊರು ಗೊತ್ತಾಗುವ ಹಾಗೆ.

ಹಾಗೆಂದು ಕ್ರೈಸ್ತರೆಲ್ಲ ಆಣೆ ಬಿಟ್ಟವರಲ್ಲ. ಕಥೋಲಿಕ ಸಭೆ ನ್ಯಾಯಾಲಯದಂಥ ಗಂಭೀರ ಸಂದರ್ಭದಲ್ಲಿ ಪ್ರಮಾಣವನ್ನು ಒಪ್ಪುತ್ತದೆ. ಇಂಗ್ಲೆಂಡಿನ ಕ್ವೇಕರ್ ಪಂಥದ ಕ್ರೈಸ್ತರು ಮಾತ್ರ ಯೇಸುವಿನ ಮಾತನ್ನು ಅಕ್ಷರಶಃ ಹಿಡಿದು ಕೋರ್ಟಿನಲ್ಲೂ ಆಣೆ ಇಡಲೊಲ್ಲೆವೆಂದರು, ಜೈಲಿಗೂ ಹೋದರು. ದೃಢೀಕರಣ ಸಾಕೆಂದು ಅವರಿಗೊಂದು ಕಾನೂನಾದದ್ದು 1695ರ ಹೊತ್ತಿಗೆ. ನಮ್ಮಲ್ಲೂ ಇಂದು ಸಾಕ್ಷಿಕಟ್ಟೆ ಹತ್ತಿದವರು ದೇವರ ಹೆಸರು ಹೇಳಬಹುದು, ಹೇಳದೆ ದೃಢೀಕರಿಸಲೂಬಹುದು. ಸಿನಿಮಾದ ಹಾಗೆ ಗ್ರಂಥದ ಮೇಲೆ ಕೈ ಇಡಬೇಕಿಲ್ಲ. ಇನ್ನೊಂದು ಸಂಗತಿ ಉಕ್ಕಡಗಾತ್ರಿಗೆ ಹತ್ತಿರದ್ದು. 1873ರ ಪ್ರಮಾಣ ಕಾಯಿದೆಯಲ್ಲಿ, ಎದುರಾಳಿ ಇಂಥ ರೀತಿಯ ಆಣೆ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ ಎಂದು ಒಬ್ಬ ಕಕ್ಷಿದಾರ ಕೋರ್ಟಿಗೆ ಹೇಳಬಹುದಿತ್ತು. 1969ರ ಕಾಯಿದೆ ಆ ಕಲಮುಗಳನ್ನು ಉಳಿಸಿಕೊಳ್ಳಲಿಲ್ಲ. ಕಾನೂನು ಬಿಟ್ಟದ್ದನ್ನು ಚಹಾದಂಗಡಿ ಇನ್ನೂ ಬಿಟ್ಟಿಲ್ಲ. ರಾಜಕಾರಣವೂ ಅಷ್ಟೆ: 2011ರ ಜೂನ್‌ನಲ್ಲಿ ಯಡಿಯೂರಪ್ಪ, ಕುಮಾರಸ್ವಾಮಿ ಇಬ್ಬರೂ ಆಣೆ–ಪ್ರಮಾಣದ ಸವಾಲು ಹೊತ್ತು ಧರ್ಮಸ್ಥಳಕ್ಕೆ ಹೋದರು. ಆಣೆ ಮಾಡದೆ ವಾಪಸಾದರು.

ಗದ್ದುಗೆಯ ಮುಂದಿನ ಆ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಹರಿಹರದ ಆರೋಗ್ಯ ಮಾತೆಯ ಸೆಪ್ಟೆಂಬರ್ 8ರ ಹಬ್ಬಕ್ಕೆ ಮೇಣದಬತ್ತಿ ಹಿಡಿದು ಬರುವವರಲ್ಲಿ ಅಜ್ಜಯ್ಯನ ಒಕ್ಕಲೂ ಇದ್ದಾರೆ. ಎರಡೂ ಕಡೆ ಜನ ಸತ್ಯಕ್ಕೆ ಒಬ್ಬ ಯಜಮಾನನಿದ್ದಾನೆ ಎಂದು ಒಪ್ಪುತ್ತಾರೆ. ನನ್ನ ತಕರಾರು ಆ ಯಜಮಾನನನ್ನು ನಾವು ಹೊಳೆದಂಡೆಗೋ ಚರ್ಚಿನ ಪೀಠಕ್ಕೋ ಸೀಮಿತ ಮಾಡಿ, ಮನೆಗೆ ಬರುವಾಗ ಅಲ್ಲೇ ಬಿಟ್ಟು ಬರುವುದರ ಬಗ್ಗೆ. ಕನ್ನಡ ಕ್ರೈಸ್ತರಲ್ಲಿ ಬೈಬಲಿಗೆ ‘ಸತ್ಯವೇದ’ ಎಂದೂ ಹೆಸರು. ಪ್ರಾರ್ಥನೆಯ ತುದಿಗೆ ನಾವನ್ನುವ ‘ಆಮೆನ್’ ಹೀಬ್ರೂ ಭಾಷೆಯಲ್ಲಿ ‘ಗಟ್ಟಿ’, ‘ನಿಜ’ ಎನ್ನುವ ಬೇರಿನ ಪದ. ಅದೇ ಬೇರಿನಿಂದ ಆ ಭಾಷೆಯ ‘ಸತ್ಯ’ವೂ ಹುಟ್ಟಿದೆ. ಇಷ್ಟೆಲ್ಲ ಇಟ್ಟುಕೊಂಡ ಮನೆಯಲ್ಲೇ ಚೀಟಿ ದುಡ್ಡಿಗೆ ಬಂದವನಿಗೆ “ಅಪ್ಪ ಊರಲ್ಲಿಲ್ಲ” ಎಂದು ನನ್ನಿಂದ ಹೇಳಿಸಿದ್ದರು. ಹೇಳಿಸಿದವಳು ಸೌಟಿನ ಅಜ್ಜಿಯೇ. ಆಣೆ ಇಡಬೇಡ ಎಂದು ಕಲಿಸುವುದು ಸುಲಭ, ಆಣೆ ಬೇಕಾಗದ ಹಾಗೆ ಮಾತಾಡುವುದು ಕಷ್ಟ ಎಂದು ಅವಳಿಗೂ ಗೊತ್ತಿದ್ದಿರಬೇಕು; ಆ ಸಂಜೆ ಜಪಕ್ಕೆ ಕೂತವಳು ಬಹಳ ಹೊತ್ತು ಏಳಲಿಲ್ಲ.

ಕನ್ನಡದಲ್ಲಿ ಇನ್ನೊಂದು ಆಣೆ ಇದೆ, ನಾಣ್ಯದ ಆಣೆ. ಹದಿನಾರು ಸೇರಿದರೆ ರೂಪಾಯಿ. ಎರಡಕ್ಕೂ ನಂಟಿಲ್ಲ, ಆದರೂ ‘ಹದಿನಾರಾಣೆ ಸತ್ಯ’ ಎನ್ನುವಾಗ ಎರಡೂ ಒಂದೇ ಬಾಯಲ್ಲಿ ಕೂತ ಹಾಗೆ ನನಗನ್ನಿಸುತ್ತದೆ. 1957ರ ಏಪ್ರಿಲ್ 1ಕ್ಕೆ ದಶಮಾಂಶ ಪದ್ಧತಿ ಬಂದು ಆ ಲೆಕ್ಕ ಹೋಯಿತು, ಮಾತು ಉಳಿಯಿತು. ಈಗ ನಮ್ಮ ಸತ್ಯಕ್ಕೆ ಹದಿನಾಲ್ಕಾಣೆ, ಹನ್ನೆರಡಾಣೆಯ ಹಲವು ದರಗಳು, ಅದರಲ್ಲೂ ಫೋನು ಬಂದ ಮೇಲೆ. ಹರಿಹರದಿಂದ ದಾವಣಗೆರೆಗೆ ಇರುವುದೇ ಹದಿನಾಲ್ಕು ಕಿಲೋಮೀಟರ್. ಆ ತುದಿಯಲ್ಲಿ ಬೆಣ್ಣೆದೋಸೆ ಆರಿಸಿಕೊಂಡು ಯಾರೋ ಕಾಯುತ್ತಿರುತ್ತಾರೆ. ಇನ್ನು ಮೇಲೆ ‘ಹರಿಹರ ಬಿಟ್ಟೆ’ ಅನ್ನುವ ಮುಂಚೆ ದಯವಿಟ್ಟು ಬಸ್ಸು ಹತ್ತಿ.